ಕನ್ವರ್ಟಿಬಲ್ ಟಾಪ್‌ಗೆ ಬ್ರೇಕ್ ಆಯಿಲ್ ಹಾಕಿಸಬೇಡಿ: ಮಡಿಕೇರಿಯ ಕಾರೊಂದಕ್ಕೆ ಆದ ಗತಿ

ಕೊಡಗಿನಲ್ಲಿ ಹಳೆಯ ಕನ್ವರ್ಟಿಬಲ್ (ಟಾಪ್, ಅಂದರೆ ಮೇಲಿನ ಮಾಡು, ಮಡಚುವ ಕಾರು) ಇಟ್ಟುಕೊಂಡವರು, ಸೆಕೆಂಡ್‌ಹ್ಯಾಂಡ್ ಕೊಳ್ಳಲು ಹೊರಟವರು ದಯವಿಟ್ಟು ಇದನ್ನು ಪೂರ್ತಿ ಓದಿ. ಟಾಪ್ ಎತ್ತಿ ಇಳಿಸುವ ಹೈಡ್ರಾಲಿಕ್ ಎಣ್ಣೆ ಎಂಜಿನ್ ಆಯಿಲ್‌ನಂತೆ ಸುಟ್ಟು ಕಡಿಮೆಯಾಗುವುದಿಲ್ಲ. ಮಟ್ಟ ಇಳಿದಿದೆ ಎಂದರೆ ಎಲ್ಲೋ ಸೋರುತ್ತಿದೆ, ಅಷ್ಟೇ. ಸೋರುವ ಜಾಗ ಹುಡುಕದೆ ಟಾಪ್‌ಅಪ್ ಮಾಡಿಸಿದರೆ, ಅದರಲ್ಲೂ ಕೈಗೆ ಸಿಕ್ಕಿದ ಎಣ್ಣೆ ಹಾಕಿಸಿದರೆ, ಒಂದು ಸೀಲ್‌ನಲ್ಲಿ ಮುಗಿಯಬೇಕಾದ ಕೆಲಸ ಇಡೀ ವ್ಯವಸ್ಥೆಯನ್ನೇ ತಿಂದುಹಾಕುತ್ತದೆ.

ಮಡಿಕೇರಿ ಹತ್ತಿರದ ತೋಟವೊಂದರ ಕಾರಿಗೆ ಆದದ್ದು ಇದೇ. ಇಪ್ಪತ್ತು ವರ್ಷ ದಾಟಿದ, ಲೋಹದ ಮಡಚುವ ಟಾಪ್ ಇರುವ, ಎರಡು ಸೀಟಿನ ವಿದೇಶಿ ಗಾಡಿ. ಮಳೆಗಾಲವೆಲ್ಲ ಶೆಡ್‌ನಲ್ಲಿ ನಿಂತಿತ್ತು. ಹೊರಗೆ ತೆಗೆದಾಗ ಟಾಪ್ ನಿಧಾನ, ಪಂಪಿನಲ್ಲಿ ಗೊರಗೊರ ಸದ್ದು, ಒಳಗಿನ ಕನ್ನಡಿಯ ಪಕ್ಕದ ಬಟ್ಟೆಯಲ್ಲಿ ಅಂಗೈಯಗಲ ಕಲೆ. ಗ್ಯಾರೇಜಿನವರು ಟ್ಯಾಂಕಿನ ಮಟ್ಟ ನೋಡಿ, ಬ್ರೇಕೂ ಹೈಡ್ರಾಲಿಕ್, ಇದೂ ಹೈಡ್ರಾಲಿಕ್ ಎಂದು ಡಾಟ್ 4 ಬ್ರೇಕ್ ಆಯಿಲ್ ತುಂಬಿಸಿ ಕಳಿಸಿದರು. ಮೊದಲಿಗೆ ಟಾಪ್ ಚುರುಕಾಗಿಯೇ ಓಡಿತು. ಮೋಸ ಹೋಗುವುದು ಇಲ್ಲೇ. ಮುಂದೆ ಭಾಗಮಂಡಲದ ದಾರಿಯಲ್ಲಿ ಮಳೆ ಹಿಡಿದಾಗ ಟಾಪ್ ಅರ್ಧಕ್ಕೆ ನಿಂತಿತು, ಸೀಟು, ಕಾರ್ಪೆಟ್ಟು, ಅದರಡಿಯ ವೈರಿಂಗ್ ಎಲ್ಲ ನೆನೆಯಿತು. ಬಿಚ್ಚಿ ನೋಡಿದರೆ ಟ್ಯಾಂಕಿನ ತಳದಲ್ಲಿ ಕಪ್ಪು ಲೋಳೆ, ರಬ್ಬರ್ ಸೀಲ್‌ಗಳು ನೆನೆಸಿಟ್ಟ ಕಡಲೆಕಾಳಿನ ಹಾಗೆ ಊದಿಕೊಂಡು ತಾವು ಕೂರುವ ಕಚ್ಚಿನಿಂದ ಹೊರಬಂದಿದ್ದವು. ಟಾಪನ್ನು ತಳ್ಳಿ ಎಳೆಯುವ ಸಿಲಿಂಡರುಗಳಲ್ಲಿ ಮೊದಲು ಸೋರುತ್ತಿದ್ದದ್ದು ಒಂದೇ. ಕೊನೆಗೆ ಎಲ್ಲ ಸಿಲಿಂಡರು, ಪಂಪು, ಹೋಸ್ ಎಲ್ಲವನ್ನೂ ಕೈಗೆತ್ತಿಕೊಳ್ಳಬೇಕಾಯಿತು.

ಕಾರಣ ಸರಳ. ಡಾಟ್ 3, ಡಾಟ್ 4 ಎರಡೂ ಗ್ಲೈಕಾಲ್ ಜಾತಿಯವು. ಬ್ರೇಕಿನ ಸೀಲ್‌ಗಳು ಅದಕ್ಕೆಂದೇ ಇಪಿಡಿಎಂ ರಬ್ಬರಿನಲ್ಲಿ ತಯಾರಾಗುತ್ತವೆ. ಯುರೋಪಿನ ಕಾರುಗಳ ಟಾಪ್‌ಗೆ ಸಾಮಾನ್ಯವಾಗಿ ಬಳಸುವುದು ಖನಿಜ ಅಥವಾ ಸಿಂಥೆಟಿಕ್ ಹೈಡ್ರಾಲಿಕ್ ಎಣ್ಣೆ. ಅಲ್ಲಿನ ಸೀಲ್‌ಗಳು ನೈಟ್ರೈಲ್ ಅಥವಾ ಪಾಲಿಯುರೆಥೇನ್. ಗ್ಲೈಕಾಲ್ ಸೋಕಿದರೆ ಇವು ಊದುತ್ತವೆ, ಮೆತ್ತಗಾಗುತ್ತವೆ, ಹರಿಯುತ್ತವೆ. ಹಳೆಯ ಕೆಲವು ಅಮೆರಿಕನ್ ಕಾರುಗಳ ಟಾಪ್‌ಗೆ ಬ್ರೇಕ್ ಆಯಿಲನ್ನೇ ಹಾಕುತ್ತಿದ್ದದ್ದು ನಿಜ, ಆ ಸಲಹೆ ಇವತ್ತಿಗೂ ಸುತ್ತಾಡುತ್ತಿದೆ. ನಿಮ್ಮ ಕಾರಿಗೆ ಅದನ್ನು ಅನ್ವಯಿಸಬೇಡಿ. ಟ್ಯಾಂಕಿನ ಮುಚ್ಚಳ ಅಥವಾ ಮ್ಯಾನುಯಲ್ ಯಾವ ಗ್ರೇಡ್ ಹೇಳುತ್ತದೋ ಅದೇ ಬೇಕು. ಕೆಲವು ಕಾರುಗಳಿಗೆ ಹಸಿರು ಬಣ್ಣದ ಪೆಂಟೋಸಿನ್ ಸಿಎಚ್‌ಎಫ್ 11ಎಸ್, ಕೆಲವಕ್ಕೆ ಕಂಪನಿಯದೇ ಬೇರೆ ಎಣ್ಣೆ. ಬಣ್ಣ ನೋಡಿ ಎಣ್ಣೆ ಆರಿಸಲೇಬೇಡಿ. ಬಹುತೇಕ ಕಾರುಗಳಲ್ಲಿ ಒಟ್ಟು ಹಿಡಿಯುವುದೇ ಒಂದು ಲೀಟರಿನ ಆಸುಪಾಸು, ಹಾಗಾಗಿ ಸರಿಯಾದ ಎಣ್ಣೆ ತರಿಸುವುದರಲ್ಲಿ ಜಿಪುಣತನ ಬೇಡ.

ಈಗ ಸೋರಿಕೆ ಹುಡುಕುವ ಮಾತು. ಮೊದಲು ಅದು ಮಳೆನೀರೋ ಎಣ್ಣೆಯೋ ಖಚಿತವಾಗಲಿ. ಬಿಳಿ ಟಿಶ್ಯೂ ಒತ್ತಿ ಗಾಳಿಗೆ ಇಡಿ. ನೀರಾದರೆ ಒಣಗಿ ಹೋಗುತ್ತದೆ, ಎಣ್ಣೆಯಾದರೆ ಬೆಳಕು ಹಾಯುವ ಕಲೆ ಉಳಿಯುತ್ತದೆ. ಆಮೇಲೆ ಕಾರನ್ನು ಸಮತಟ್ಟಿನಲ್ಲಿ ನಿಲ್ಲಿಸಿ. ನಮ್ಮ ಕಡೆ ಮನೆಯಂಗಳವೇ ಇಳಿಜಾರು. ಎಣ್ಣೆ ಹೋಸ್ ಗುಂಟ, ಫ್ರೇಮ್ ಗುಂಟ ಹರಿದು ಎಲ್ಲೋ ಕೆಳಗೆ ತೊಟ್ಟಿಕ್ಕುತ್ತದೆ. ತೊಟ್ಟಿಕ್ಕುವ ಜಾಗ ಸೋರುವ ಜಾಗವಲ್ಲ. ಒದ್ದೆಯ ಅತಿ ಎತ್ತರದ ತುದಿಯನ್ನು ಹುಡುಕಬೇಕು. ಕನ್ನಡಿಯ ಹತ್ತಿರ, ಸನ್‌ವೈಸರ್ ಮೇಲೆ ಹನಿ ಬಿದ್ದರೆ ಮುಂಗಾಜಿನ ಮೇಲಿನ ಲಾಕ್ ಸಿಲಿಂಡರಿನ ಮೇಲೆ ಮೊದಲ ಅನುಮಾನ. ಹಿಂದಿನ ಸೀಟಿನ ಪಕ್ಕ ಅಥವಾ ಡಿಕ್ಕಿಯ ಅಂಚಿನಲ್ಲಿ ಒದ್ದೆಯಿದ್ದರೆ ಟಾಪ್ ಎತ್ತುವ ದೊಡ್ಡ ಸಿಲಿಂಡರುಗಳು ಅಥವಾ ಟಾಪ್ ಕೂರುವ ಜಾಗದ ಮುಚ್ಚಳದ ಸಿಲಿಂಡರುಗಳು.

ಟ್ರಿಮ್ ಬಿಚ್ಚಿ, ಪ್ರತಿ ಸಿಲಿಂಡರು ಮತ್ತು ಜಾಯಿಂಟನ್ನು ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಒರೆಸಿ ಪೂರ್ತಿ ಒಣಗಿಸಿ. ರಾಡ್ ಹೊರಬರುವ ತುದಿಗೂ ಹೋಸ್ ಕೂಡುವ ಕಡೆಗೂ ಬೇರೆಬೇರೆಯಾಗಿ ಟಿಶ್ಯೂ ಸುತ್ತಿ ದಾರ ಕಟ್ಟಿ. ರಾಡ್‌ಗೆ ಅಡ್ಡ ಬರದಂತೆ ನೋಡಿಕೊಳ್ಳಿ. ಟಾಪನ್ನು ಒಂದು ಸಲ ತೆರೆದು ಮುಚ್ಚಿ, ಒಂದು ರಾತ್ರಿ ಬಿಟ್ಟು ಬೆಳಿಗ್ಗೆ ನೋಡಿ. ರಾಡಿನ ಕಡೆಯ ಟಿಶ್ಯೂ ಒದ್ದೆಯಾದರೆ ರಾಡ್ ಸೀಲ್, ಹೋಸ್ ಕಡೆಯದಾದರೆ ಓ-ರಿಂಗ್ ಅಥವಾ ಹೋಸ್. ಎಲ್ಲ ಒಣಗಿಯೇ ಇದ್ದು ಟಾಪ್ ಮಾತ್ರ ನಡುವೆ ನಿಲ್ಲಿಸಿದರೆ ತಾನಾಗಿ ಕುಸಿಯುತ್ತಿದ್ದರೆ ಎಣ್ಣೆ ಪಿಸ್ಟನ್ ಸೀಲ್ ದಾಟಿ ಒಳಗೇ ಜಾರುತ್ತಿರಬಹುದು, ಪಂಪಿನ ವಾಲ್ವ್ ಒತ್ತಡ ಹಿಡಿಯದೆಯೂ ಇರಬಹುದು. ಪಂಪನ್ನು ದೂರುವ ಮೊದಲು ಬ್ಯಾಟರಿ ನೋಡಿ. ನಿಂತ ಕಾರಿನ ಬ್ಯಾಟರಿ 12.5 ವೋಲ್ಟಿಗಿಂತ ಬಹಳ ಕೆಳಗಿದ್ದರೆ ಪಂಪಿಗೆ ಬಲ ಸಾಲದು. ಪರೀಕ್ಷೆಯ ಹೊತ್ತಿಗೆ ಚಾರ್ಜರ್ ಹಾಕಿಟ್ಟಿರಿ, ಪಂಪಿಗೆ ನಡುನಡುವೆ ತಣಿಯಲು ಬಿಡಿ.

ಇಲ್ಲಿ ಜೀವಕ್ಕೆ ಸಂಬಂಧಿಸಿದ ಒಂದು ಮಾತು. ಹಲವು ಕಾರುಗಳಲ್ಲಿ ಎಣ್ಣೆಯ ಒತ್ತಡ ನೂರು ಬಾರ್ ದಾಟುತ್ತದೆ. ಸೂಜಿಮೊನೆಯಷ್ಟು ತೂತಿನಿಂದ ಚಿಮ್ಮುವ ಎಣ್ಣೆ ಚರ್ಮ ತೂರಿ ಒಳಹೋಗಬಲ್ಲದು. ಪಂಪ್ ಓಡುವಾಗ ಹೋಸ್ ಮೇಲೆ ಬೆರಳಾಡಿಸಬೇಡಿ, ರಟ್ಟು ಹಿಡಿದು ನೋಡಿ, ಕಣ್ಣಿಗೆ ಕನ್ನಡಕ ಇರಲಿ. ಎಣ್ಣೆ ಚರ್ಮದೊಳಗೆ ಹೋಯಿತೆಂಬ ಅನುಮಾನ ಬಂದರೂ ಸಾಕು, ಗಾಯ ಎಷ್ಟೇ ಚಿಕ್ಕದಾಗಿ ಕಂಡರೂ ತಡಮಾಡದೆ ಆಸ್ಪತ್ರೆಗೆ ಹೋಗಿ. ಟಾಪ್ ಅರ್ಧ ಎತ್ತಿದ ಸ್ಥಿತಿಯಲ್ಲಿ ಕೆಲಸವಿದ್ದರೆ ಮರದ ಆಸರೆ ಕೊಡಿ. ಒತ್ತಡ ಇಳಿದರೆ ಅದು ಕೈಬೆರಳ ಮೇಲೆಯೇ ಬೀಳುತ್ತದೆ.

ಸಿಲಿಂಡರು ಬಿಚ್ಚುವ ಮೊದಲು ಇಗ್ನಿಷನ್ ಆಫ್ ಮಾಡಿ ಪಂಪಿನ ಎಮರ್ಜೆನ್ಸಿ ಸ್ಕ್ರೂ ಸಡಿಲಿಸಿ ಒತ್ತಡ ಇಳಿಸಿ. ಪ್ರತಿ ಸಿಲಿಂಡರಿಗೂ ಸಾಮಾನ್ಯವಾಗಿ ಎರಡು ಹೋಸ್, ಒಂದು ತಳ್ಳಲು, ಒಂದು ಎಳೆಯಲು. ಬಣ್ಣದ ಟೇಪ್ ಸುತ್ತಿ ಫೋಟೊ ತೆಗೆದಿಡಿ, ಅದಲುಬದಲಾದರೆ ಟಾಪ್ ಉಲ್ಟಾ ನಡೆದು ಫ್ರೇಮ್ ಬಾಗಬಹುದು. ಬಿಚ್ಚಿದ ಹೋಸ್ ಬಾಯಿಗೆ ತಕ್ಷಣ ಬಿರಡೆ ಹಾಕಿ. ಹಲವು ಸಿಲಿಂಡರುಗಳಲ್ಲಿ ತುದಿಯ ಗ್ಲ್ಯಾಂಡನ್ನು (ರಾಡ್ ಹಾದುಬರುವ ಮುಚ್ಚಳ) ಸ್ವಲ್ಪ ಒಳಗೆ ತಳ್ಳಿದರೆ ಅದನ್ನು ಹಿಡಿದಿರುವ ತಂತಿಯ ರಿಂಗ್ ಕಾಣುತ್ತದೆ, ಅದು ಬಂದರೆ ರಾಡ್ ಸಮೇತ ಎಲ್ಲ ಹೊರಬರುತ್ತದೆ. ಅಂಚು ಒತ್ತಿ ಮುಚ್ಚಿದ ಸಿಲಿಂಡರಾದರೆ ಬದಲಿ ತರಿಸುವುದೇ ದಾರಿ.

ರಾಡನ್ನು ಉಗುರಿನಿಂದ ಗೀರಿ ನೋಡಿ. ಉಗುರಿಗೆ ಸಿಕ್ಕುವ ತುಕ್ಕಿನ ಗುಂಡಿ ಇದ್ದರೆ ಹೊಸ ಸೀಲನ್ನೂ ಅದು ಕೊಯ್ಯುತ್ತದೆ. ಹಾರ್ಡ್ ಕ್ರೋಮ್ ಮಾಡಿಸಿ ಅಥವಾ ರಾಡ್ ಬದಲಿಸಿ. ಜೆಸಿಬಿ ಹೈಡ್ರಾಲಿಕ್ ರಿಪೇರಿ ಮಾಡುವವರ ಹತ್ತಿರ ಸೀಲ್ ಸಿಗಬಹುದು, ಆದರೆ ರಾಡಿನ ವ್ಯಾಸ, ಸೀಲ್ ಕೂರುವ ಕಚ್ಚಿನ ಆಳ ಮತ್ತು ಅಗಲ ಮೂರನ್ನೂ ವರ್ನಿಯರ್‌ನಲ್ಲಿ ಅಳೆದು ಹೋಗಿ. ಊದಿದ ಹಳೆಯ ಸೀಲನ್ನು ಅಳತೆಗೆ ಕೊಟ್ಟರೆ ತಪ್ಪು ಸೈಜೇ ಬರುತ್ತದೆ. ಯಾವ ರಬ್ಬರ್ ಎಂದು ಕೇಳಿ, ನೈಟ್ರೈಲ್ ಅಥವಾ ವಿಟಾನ್ ಆಗಿರಲಿ. ಪಾಲಿಯುರೆಥೇನ್‌ನ ಕೆಲವು ಬಗೆಗಳು ತೇವದಲ್ಲಿ ವರ್ಷಗಟ್ಟಲೆ ಇದ್ದರೆ ತಾವಾಗಿಯೇ ಪುಡಿಯಾಗುತ್ತವೆ, ಕೊಡಗಿನ ಹವೆಯಲ್ಲಿ ಇದನ್ನು ಮರೆಯುವಂತಿಲ್ಲ. ಸೀಲಿನ ತೆರೆದ ತುಟಿ ಎಣ್ಣೆಯ ಕಡೆಗೇ ಇರಬೇಕು. ಬಿಸಿನೀರಲ್ಲಿ ಅದ್ದಿ, ಒರೆಸಿ, ಅದೇ ಹೈಡ್ರಾಲಿಕ್ ಎಣ್ಣೆ ಸವರಿ, ಬೆರಳಿನಿಂದ ಮಡಚಿ ಕೂರಿಸಿ. ಸ್ಕ್ರೂಡ್ರೈವರ್ ತಾಗಿಸಿದರೆ ತುಟಿ ಸೀಳಿಹೋಗಿ ಮಾಡಿದ ಕೆಲಸವೆಲ್ಲ ವ್ಯರ್ಥ.

ಎಣ್ಣೆ ತುಂಬುವಾಗ ಟಾಪ್ ಯಾವ ಸ್ಥಿತಿಯಲ್ಲಿರಬೇಕೆಂದು ಮ್ಯಾನುಯಲ್ ನೋಡಿ. ರಾಡ್‌ಗಳು ಹೊರಗಿದ್ದಾಗ ಟ್ಯಾಂಕಿನ ಮಟ್ಟ ಇಳಿದಿರುತ್ತದೆ. ಆಗ ಗುರುತಿನ ತನಕ ತುಂಬಿದರೆ, ರಾಡ್ ಒಳಗೆ ಬಂದಾಗ ಹೆಚ್ಚಾದದ್ದು ಗಾಳಿರಂಧ್ರದಿಂದ ಉಕ್ಕಿ ಹೊಸ ಸೋರಿಕೆಯೆಂಬ ಭ್ರಮೆ ಹುಟ್ಟಿಸುತ್ತದೆ. ನಾಲ್ಕೈದು ಸಲ ನಿಧಾನವಾಗಿ ತೆರೆದು ಮುಚ್ಚಿದರೆ ಗಾಳಿ ಟ್ಯಾಂಕಿಗೆ ಬಂದು ಹೊರಹೋಗುತ್ತದೆ. ಪ್ರತಿ ಸಲ ಮಟ್ಟ ನೋಡಿ.

ಬ್ರೇಕ್ ಆಯಿಲ್ ಈಗಾಗಲೇ ಹಾಕಿಸಿಬಿಟ್ಟಿದ್ದರೆ ಟಾಪ್ ಸ್ವಿಚ್ ಒತ್ತಬೇಡಿ. ಒತ್ತಿದಷ್ಟೂ ಅದು ಸಿಲಿಂಡರುಗಳ ಒಳಗೆ ಹಬ್ಬುತ್ತದೆ. ಟ್ಯಾಂಕನ್ನು ಹಾಗೆಯೇ ಹೀರಿ ಖಾಲಿ ಮಾಡಿಸಿ, ತೊಳೆಸಿ. ಒಮ್ಮೆಯೂ ಟಾಪ್ ಓಡದಿದ್ದರೆ ಸಿಲಿಂಡರುಗಳು ಉಳಿಯುವ ಸಾಧ್ಯತೆಯಿದೆ.

ಇಲ್ಲಿನ ಕಾರುಗಳಿಗೆ ಇನ್ನೊಂದು ಶತ್ರು ಸಿಲ್ವರ್ ಓಕ್ ಎಲೆ. ಟಾಪ್ ಮಡಚಿ ಕೂರುವ ಜಾಗದ ನೀರುಕಂಡಿಗಳನ್ನು ಅದು ಮುಚ್ಚಿದರೆ, ಪಂಪ್ ಡಿಕ್ಕಿಯ ತಗ್ಗಿನಲ್ಲಿರುವ ಗಾಡಿಗಳಲ್ಲಿ ಮೋಟಾರು ನೀರಲ್ಲೇ ಕೂರುತ್ತದೆ. ಮೇ ಕೊನೆಗೆ ಕಂಡಿಗಳಿಗೆ ಮೆತ್ತಗಿನ ನೈಲಾನ್ ದಾರ ತೂರಿಸಿ, ಮೇಲಿಂದ ನೀರು ಬಿಟ್ಟು ಕೆಳಗೆ ಬರುತ್ತದೆಯೇ ನೋಡಿ. ಕಕ್ಕಡದ (ಜುಲೈ-ಆಗಸ್ಟ್‌ನ) ಮಳೆಯಲ್ಲಿ ಕಾರು ಹೊರಗೆ ತೆಗೆಯದಿದ್ದರೂ, ಶೆಡ್‌ನ ಮಾಡು ಎತ್ತರವಿದ್ದರೆ ತಿಂಗಳಿಗೊಮ್ಮೆ ಟಾಪ್ ಪೂರ್ತಿ ಓಡಿಸಿ. ಸೀಲ್‌ಗಳಿಗೂ ಹೊರಗೆ ನಿಂತ ರಾಡ್‌ಗಳಿಗೂ ಎಣ್ಣೆಯ ತೆಳುಪದರ ಸಿಗುತ್ತದೆ. ತೆಗೆದ ಹಳೆಯ ಎಣ್ಣೆಯನ್ನು ಡಬ್ಬದಲ್ಲಿ ಮುಚ್ಚಿ ವೇಸ್ಟ್ ಆಯಿಲ್ ಸಂಗ್ರಹಿಸುವವರಿಗೇ ಕೊಡಿ. ತೋಟದ ಚರಂಡಿಗೆ ಚೆಲ್ಲಿದ್ದು ತೋಡಿಗಿಳಿದು ಹೊಳೆ ಸೇರುತ್ತದೆ.