ತಂತಿ ಕಾಣದ ಲಿಂಕು: ಸಿಸ್ಕೋ 2911 ಮತ್ತು ಅದರ ಹೊಟ್ಟೆಯೊಳಗಿನ ಸ್ವಿಚ್ಚು, ನಾಲ್ಕು ಮಳೆಗಾಲದ ನಂತರ

ಮೊದಲೇ ಹೇಳಿಬಿಡುತ್ತೇನೆ, ಇದು ಹೊಸ ಮಾಲಿನ ವಿಮರ್ಶೆ ಅಲ್ಲ. ಸಿಸ್ಕೋ 2911 ರೂಟರ್ ಮಾರುಕಟ್ಟೆಗೆ ಬಂದಿದ್ದು 2009ರಲ್ಲಿ. ಕಂಪನಿ ಅದನ್ನು ಮಾರುವುದು ನಿಲ್ಲಿಸಿದ್ದು 2017ರ ಡಿಸೆಂಬರಿನಲ್ಲಿ. ನಾನು ತಂದಿದ್ದು 2021ರಲ್ಲಿ, ದೀಪಾವಳಿ ಕಳೆದ ಮೇಲೆ, ಬೆಂಗಳೂರಿನ ಎಸ್‌ಪಿ ರೋಡಿನಿಂದ, ಸೆಕೆಂಡ್ ಹ್ಯಾಂಡ್. ಜೊತೆಗೆ ಅದರೊಳಗೆ ಕೂರುವ 16 ಪೋರ್ಟಿನ ಸ್ವಿಚ್ ಮಾಡ್ಯೂಲ್ (ಹಲವು ಸಾಧನಗಳ ಕೇಬಲ್ಲುಗಳನ್ನು ಒಂದೆಡೆ ಸೇರಿಸುವ ಕಾರ್ಡು), ಎಸ್‌ಎಂ-ಇಎಸ್3ಜಿ-16-ಪಿ. ಹದಿನಾರೂ ಗಿಗಾಬಿಟ್ ಪೋರ್ಟು. ಕ್ಯಾಮೆರಾಗಳಿಗೆ ಕೇಬಲ್ಲಿನಲ್ಲೇ ಕರೆಂಟು ಕೊಡುತ್ತದೆ, ಅಂದರೆ ಪಿಒಇ ಇದೆ.

ಬಳಸುತ್ತಿರುವುದು ಮೂಡಿಗೆರೆ ಕಡೆಯ ನಮ್ಮ ಕಾಫಿ ತೋಟದಲ್ಲಿ. ಆಫೀಸು, ಮನೆ, ಗೋಡೌನು, ಕಣ, ಮೇಲ್ಗಡೆ ನಾಲ್ಕು ರೂಮಿನ ಹೋಂಸ್ಟೇ. ಕಣದಲ್ಲಿ ಕಾಫಿ ಹರಡಿದ ಮೇಲೆ ರಾತ್ರಿ ನಿದ್ದೆ ಬರಬೇಕಾದರೆ ಕ್ಯಾಮೆರಾ ಬೇಕು. ಹೋಂಸ್ಟೇಗೆ ಬಂದವರಿಗೆ ಊಟಕ್ಕಿಂತ ಮೊದಲು ವೈಫೈ ಬೇಕು. ಆಫೀಸಿನ ಲೆಕ್ಕಪತ್ರ ಈ ಎರಡಕ್ಕೂ ಸಿಗಬಾರದು. ಹಾಗಾಗಿ ಮೂರು ವಿಎಲ್ಯಾನ್, ಅಂದರೆ ಒಂದೇ ಸ್ವಿಚ್ಚಿನಲ್ಲಿ ಬೇರೆ ಬೇರೆಯಾಗಿ ಉಳಿಯುವ ನೆಟ್‌ವರ್ಕುಗಳು: ಆಫೀಸಿಗೆ 10, ಕ್ಯಾಮೆರಾಗೆ 20, ಅತಿಥಿಗಳಿಗೆ 30.

ಇಷ್ಟಕ್ಕೆ ಇಷ್ಟು ದೊಡ್ಡ ಪೆಟ್ಟಿಗೆ ಬೇಕಿತ್ತಾ ಅಂತ ಅಪ್ಪ ಅವತ್ತೇ ಕೇಳಿದರು. ಬೇಕಿರಲಿಲ್ಲ. ಬೆಂಗಳೂರಿನಲ್ಲಿ ಏಳು ವರ್ಷ ಇದೇ ನೆಟ್‌ವರ್ಕ್ ಕೆಲಸ ಮಾಡಿ, ಲಾಕ್‌ಡೌನಿನಲ್ಲಿ ಊರಿಗೆ ಬಂದವನು ವಾಪಸ್ ಹೋಗಲಿಲ್ಲ. ಹಳೇ ಪರಿಚಯದ ಪೆಟ್ಟಿಗೆ ಅಗ್ಗಕ್ಕೆ ಸಿಕ್ಕಿತು, ಹೊತ್ತುಕೊಂಡು ಬಂದೆ. ಅಷ್ಟೇ ಕಾರಣ.

ಬಂದ ದಿನವೇ ಒಂದು ಎಡವಟ್ಟು. ಮಾಡ್ಯೂಲಿನಲ್ಲಿ ಪಿಒಇ ಇದ್ದರೂ ಒಂದೇ ಒಂದು ಕ್ಯಾಮೆರಾ ಏಳಲಿಲ್ಲ. ಕೇಬಲ್ ಬದಲಿಸಿದೆ, ಕ್ಯಾಮೆರಾ ಬದಲಿಸಿದೆ. ಕೊನೆಗೆ ಹಿಂದೆ ತಿರುಗಿಸಿ ನೋಡಿದರೆ ಅಂಗಡಿಯವರು ಹಾಕಿಕೊಟ್ಟಿದ್ದು ಮಾಮೂಲಿ ಪವರ್ ಸಪ್ಲೈ. ಮಾಡ್ಯೂಲಿಗೆ ಪಿಒಇ ಇದ್ದರೆ ಸಾಲದು, ರೂಟರಿನ ಪವರ್ ಸಪ್ಲೈ ಕೂಡ ಪಿಒಇದ್ದೇ ಆಗಿರಬೇಕು. 2911ಕ್ಕೆ ಅದರ ಹೆಸರು ಪಿಡಬ್ಲ್ಯುಆರ್-2911-ಪಿಒಇ. ನಾನು ಕೇಳಿದ್ದೆ, ಅವರು 'ಎಲ್ಲಾ ಒಂದೇ ಸಾರ್' ಅಂದಿದ್ದರು. ಬದಲಿ ಬರುವುದಕ್ಕೆ ಮೂರು ವಾರ, ಫೋನು ಎಷ್ಟೋ. ಸೆಕೆಂಡ್ ಹ್ಯಾಂಡ್ ತೆಗೆದುಕೊಳ್ಳುವವರು ಪವರ್ ಸಪ್ಲೈ ಮೇಲಿನ ಚೀಟಿಯ ಫೋಟೋ ಮೊದಲು ತರಿಸಿಕೊಳ್ಳಿ, ದುಡ್ಡು ಆಮೇಲೆ.

ಇನ್ನು ಅಸಲು ವಿಷಯ.

ಮೊದಲ ವಾರ ನಾನು ಮಾಡಿದ್ದನ್ನು ಹೇಳಲು ಸ್ವಲ್ಪ ನಾಚಿಕೆ. ರೂಟರಿನ ಹೊರಗಿನ ಪೋರ್ಟಿನಿಂದ ಅದೇ ಪೆಟ್ಟಿಗೆಯಲ್ಲಿರುವ ಸ್ವಿಚ್ಚಿನ ಒಂದು ಪೋರ್ಟಿಗೆ ಅರ್ಧ ಅಡಿ ಪ್ಯಾಚ್ ಕೇಬಲ್ ಹಾಕಿದ್ದೆ. ಕೆಲಸ ಆಗುತ್ತಿತ್ತು, ಸುಳ್ಳು ಹೇಳಲ್ಲ. ಆದರೆ ಎರಡು ಗಿಗಾಬಿಟ್ ಪೋರ್ಟು ಸುಮ್ನೆ ದಂಡ. ಒಳಗಿಂದೊಳಗೇ ಲಿಂಕು ಇರುವಾಗ ಹೊರಗಿನಿಂದ ತಂತಿ ಎಳೆಯುವುದು ಅಂದರೆ ಅಡುಗೆಮನೆಯಿಂದ ಊಟದ ಮನೆಗೆ ಅಂಗಳ ಸುತ್ತಿಕೊಂಡು ಹೋದ ಹಾಗೆ.

ಒಳಗಿನ ವ್ಯವಸ್ಥೆ ಹೀಗಿದೆ. ಈ ಮಾಡ್ಯೂಲ್ ರೂಟರಿನ ಭಾಗ ಅಲ್ಲ, ರೂಟರಿನ ಮನೆಯಲ್ಲಿ ಬಾಡಿಗೆಗಿರುವ ಬೇರೆ ಸಂಸಾರ. ಅದಕ್ಕೆ ಅದರದ್ದೇ ಐಒಎಸ್ (ಸಿಸ್ಕೋದ ಆಪರೇಟಿಂಗ್ ಸಿಸ್ಟಮ್), ಅದರದ್ದೇ ಕಾನ್ಫಿಗರೇಶನ್, ಅದರದ್ದೇ ಪಾಸ್‌ವರ್ಡು. ಹಳೆಯ ನಾಲ್ಕು ಪೋರ್ಟಿನ ಚಿಕ್ಕ ಸ್ವಿಚ್ ಕಾರ್ಡುಗಳು ಹೀಗಿರಲಿಲ್ಲ. ಅವುಗಳ ಪೋರ್ಟುಗಳು ರೂಟರಿನ ಪಟ್ಟಿಯಲ್ಲೇ ಕಾಣುತ್ತಿದ್ದವು. ಅದೇ ಅಭ್ಯಾಸದಲ್ಲಿ ರೂಟರಿನೊಳಗೆ ಹದಿನಾರು ಪೋರ್ಟು ಹುಡುಕುತ್ತಾ ಕೂತರೆ ಸಿಗುವುದಿಲ್ಲ. ಸಿಗುವುದು ಎರಡೇ: ಗಿಗಾಬಿಟ್ 1/0 ಮತ್ತು 1/1. ಮಾಡ್ಯೂಲಿನೊಳಗೆ ಹೋಗಿ ನೋಡಿದರೆ ಅಲ್ಲೂ ಮುಂದಿನ ಹದಿನಾರರ ಜೊತೆಗೆ, ಹೊರಗೆ ತೂತೇ ಇಲ್ಲದ ಪೋರ್ಟುಗಳು. ಇವೇ ಒಳದಾರಿಗಳು.

ಇದರಲ್ಲಿ 1/0 ರೂಟಿಂಗಿನ ಬಾಗಿಲು, ಅಂದರೆ ಒಂದು ನೆಟ್‌ವರ್ಕಿನಿಂದ ಇನ್ನೊಂದಕ್ಕೆ ದಾಟಿಸಲು. ಐಪಿ (ನೆಟ್‌ವರ್ಕಿನಲ್ಲಿ ವಿಳಾಸ) ಕೊಡಬಹುದು, ಸಬ್‌ಇಂಟರ್ಫೇಸ್ (ಒಂದೇ ಪೋರ್ಟಿನೊಳಗೆ ವಿಎಲ್ಯಾನಿಗೊಂದು ಬಾಗಿಲು) ಮಾಡಬಹುದು. 1/1 ಸ್ವಿಚ್ಚಿನ ಜಾತಿಯದ್ದು, ರೂಟರಿನೊಳಗೆ ಬೇರೆ ಮಾಡ್ಯೂಲುಗಳಿದ್ದರೆ ಅವುಗಳ ಜೊತೆ ಮಾತಾಡಲು. ನನ್ನಲ್ಲಿ ಬೇರೆ ಮಾಡ್ಯೂಲೇ ಇಲ್ಲ. ಆದ್ದರಿಂದ ಅದರ ತಂಟೆಗೆ ಹೋಗಿಲ್ಲ.

ಮಾಡ್ಯೂಲಿನೊಳಗೆ ಹೋಗಲು ರೂಟರಿನಿಂದಲೇ ಒಂದು ಕಮಾಂಡು: ಸರ್ವಿಸ್-ಮಾಡ್ಯೂಲ್ ಗಿಗಾಬಿಟ್‌ಈಥರ್ನೆಟ್ 1/0 ಸೆಷನ್. ಹೊಸಬರು ಇಲ್ಲೇ ಎಡವುವುದು. 1/0ಕ್ಕೆ ಒಂದು ಐಪಿ ಇರಬೇಕು, ಆ ಇಂಟರ್ಫೇಸು ಎದ್ದಿರಬೇಕು. ಇಲ್ಲದಿದ್ದರೆ ಒಳಗೆ ಬಿಡುವುದೇ ಇಲ್ಲ. ಬೇರೆಲ್ಲೂ ಬಳಸದ ಒಂದು ಐಪಿ ಕೊಟ್ಟರೆ ಸಾಕು. ಹೊರಗೆ ಬರಲು ಕಂಟ್ರೋಲ್, ಶಿಫ್ಟ್, 6 ಒಟ್ಟಿಗೆ ಒತ್ತಿ, ಬಿಟ್ಟು, ಎಕ್ಸ್ ಒತ್ತಬೇಕು. ಹಾಗೆ ಬಂದ ಮೇಲೆ ಸೆಷನ್ ಹಿಂದೆಯೇ ತೆರೆದಿರುತ್ತದೆ. ಮುಚ್ಚದೆ ಲ್ಯಾಪ್‌ಟಾಪ್ ಎತ್ತಿಕೊಂಡು ಹೋದರೆ ಮುಂದಿನ ಸಲ ಕನೆಕ್ಷನ್ ರೆಫ್ಯೂಸ್ಡ್ ಅನ್ನುತ್ತದೆ. ಆಗ ಅದೇ ಕಮಾಂಡಿನ ಕೊನೆಗೆ ಕ್ಲಿಯರ್ ಸೇರಿಸಿದರೆ ಸರಿ. ಇದು ತಿಳಿಯದೆ ಒಂದು ಸಂಜೆ ಇಡೀ ಪೆಟ್ಟಿಗೆಯನ್ನೇ ಆಫ್ ಮಾಡಿ ಆನ್ ಮಾಡಿದ್ದೆ.

ಒಳಗಿನ ಪೋರ್ಟನ್ನು ಟ್ರಂಕ್ (ಎಲ್ಲಾ ವಿಎಲ್ಯಾನ್ ಒಟ್ಟಿಗೆ ಹೊರುವ ಲಿಂಕು) ಮಾಡುವಾಗಲೂ ಒಂದು ಚಿಕ್ಕ ಮುಳ್ಳು. ನೇರವಾಗಿ ಮೋಡ್ ಟ್ರಂಕ್ ಅಂದರೆ ಒಪ್ಪುವುದಿಲ್ಲ. ಮೊದಲು ಎನ್‌ಕ್ಯಾಪ್ಸುಲೇಶನ್ ಡಾಟ್1ಕ್ಯೂ (ವಿಎಲ್ಯಾನ್ ನಂಬರಿನ ಚೀಟಿ ಅಂಟಿಸುವ ರೀತಿ) ಅಂತ ಹೇಳಬೇಕು. ಆಮೇಲೆ ರೂಟರಿನ ಕಡೆ 1/0.10, 1/0.20, 1/0.30 ಅಂತ ಸಬ್‌ಇಂಟರ್ಫೇಸ್, ಒಂದೊಂದಕ್ಕೂ ಗೇಟ್‌ವೇ ಐಪಿ, ಅಂದರೆ ಆ ನೆಟ್‌ವರ್ಕಿನಿಂದ ಹೊರಗೆ ಹೋಗುವ ಬಾಗಿಲಿನ ವಿಳಾಸ. ಪ್ಯಾಚ್ ಕೇಬಲ್ ಕಿತ್ತೆ. ಎಲ್ಲಾ ಓಡಿತು. ತೋಟದ ಲೆಕ್ಕ ಬರೆಯುವ ನಮ್ಮ ರೈಟ್ರು ಪಕ್ಕದಲ್ಲೇ ನಿಂತಿದ್ದರು. 'ತಂತಿ ಕಿತ್ರಲ್ಲ ಸಾರ್, ಮತ್ತೆ ಹೆಂಗೆ ಬರ್ತಿದೆ?' ಅಂದರು. ಈಗಲೂ ಬೇರೆಯವರಿಗೆ ತೋರಿಸುವಾಗ ಅದನ್ನೇ ತೋರಿಸುತ್ತಾರೆ.

ಮೊದಲ ಪಾಠ ಕಲಿಸಿದ್ದು ಕರೆಂಟು. 2022ರ ಜುಲೈ. ಮೂರು ದಿನ ಬಿಡದ ಮಳೆ, ಎಲ್ಲೋ ಮರ ಬಿದ್ದು ಕರೆಂಟಿಲ್ಲ, ಇನ್ವರ್ಟರ್ ಕೂಡ ಮಲಗಿತು. ನಾಲ್ಕನೇ ದಿನ ಕರೆಂಟು ಬಂದಾಗ ರೂಟರ್ ಚೆನ್ನಾಗಿಯೇ ಎದ್ದಿತು. ಆದರೆ ನೆಟ್ಟಿಲ್ಲ, ಕ್ಯಾಮೆರಾ ಇಲ್ಲ. ನಾನು ರೂಟರಿನಲ್ಲಿ ರೈಟ್ ಮೆಮೊರಿ (ಸೇವ್ ಮಾಡುವ ಕಮಾಂಡು) ಕೊಟ್ಟಿದ್ದೆ, ಮಾಡ್ಯೂಲಿನಲ್ಲಿ ಕೊಟ್ಟಿರಲೇ ಇಲ್ಲ. ತಮಾಷೆ ಏನು ಅಂದರೆ ಒಳಗೆ ಹೋಗಿ ನೋಡಿದರೆ 10, 20, 30 ಮೂರೂ ವಿಎಲ್ಯಾನ್ ಹಾಗೇ ಇವೆ. ಅವು ಫ್ಲ್ಯಾಶಿನಲ್ಲಿ ಬೇರೆ ಫೈಲಿನಲ್ಲಿ ಕೂರುತ್ತವೆ, ಅದಕ್ಕೇ ಉಳಿದವು. ಯಾವ ಪೋರ್ಟು ಯಾವ ವಿಎಲ್ಯಾನಿಗೆ ಅನ್ನುವುದು ಮಾತ್ರ ಅಳಿಸಿಹೋಗಿತ್ತು. ಒಳಗಿನ ಟ್ರಂಕೂ ಇಲ್ಲ. ಎಲ್ಲಾ ಪೋರ್ಟೂ ಹೋಗಿ ವಿಎಲ್ಯಾನ್ 1ರಲ್ಲಿ ಕುರಿಗಳ ಹಾಗೆ ಕೂತಿದ್ದವು. ವಿಎಲ್ಯಾನ್ ಇದೆಯಲ್ಲ ಅಂತ ಬೇರೆ ಕಡೆ ಹುಡುಕುತ್ತಾ ಎರಡು ಗಂಟೆ ಕಳೆದೆ. ಒಂದು ಪೆಟ್ಟಿಗೆ, ಆದರೆ ಎರಡು ಯಂತ್ರ. ಎರಡು ಕಡೆ ಸೇವ್ ಮಾಡಬೇಕು, ಎರಡು ಬ್ಯಾಕಪ್ ಇಡಬೇಕು. ಏಳುವುದು ಕೂಡ ಬೇರೆ ಬೇರೆ. ರೂಟರ್ ಎದ್ದ ಮೇಲೂ ಮಾಡ್ಯೂಲ್ ಇನ್ನೂ ಕಣ್ಣುಜ್ಜಿಕೊಳ್ಳುತ್ತಿರುತ್ತದೆ, ಗಾಬರಿಯಾಗಿ ರೀಸೆಟ್ ಹೊಡೆಯಬೇಡಿ.

ಎರಡನೇ ಪಾಠ ನನ್ನದೇ ಅತಿಬುದ್ಧಿಯಿಂದ. ಕೊಯ್ಲಿನ ದಿನಗಳಲ್ಲಿ ಕಣದ ರೆಕಾರ್ಡಿಂಗನ್ನು ವಾರಕ್ಕೊಮ್ಮೆ ಆಫೀಸಿನ ಸ್ಟೋರೇಜ್ ಪೆಟ್ಟಿಗೆಗೆ ಕಾಪಿ ಮಾಡುತ್ತೇವೆ. 20ರಿಂದ 10ಕ್ಕೆ. ಗೇಟ್‌ವೇ ರೂಟರಿನಲ್ಲಿದ್ದುದರಿಂದ ಪ್ರತಿ ಪ್ಯಾಕೆಟ್ಟೂ ಸ್ವಿಚ್ಚಿನಿಂದ ರೂಟರಿಗೆ ಹತ್ತಿ, ಅದೇ ಒಳದಾರಿಯಲ್ಲಿ ಮತ್ತೆ ಇಳಿಯಬೇಕು. ಕಾಪಿ ಶುರುವಾದರೆ ರೂಟರಿನ ಸಿಪಿಯು ಶೇಕಡಾ 90 ದಾಟುತ್ತಿತ್ತು. ಮೇಲಿನ ರೂಮಿನವರು ವಿಡಿಯೋ ನಿಂತಿತು ಅಂತ ಕೆಳಗೆ ಬರುತ್ತಿದ್ದರು. ಇದು ಪೆಟ್ಟಿಗೆಯ ತಪ್ಪಲ್ಲ. ಎಲ್ಲಾ ಸೇವೆಗಳನ್ನೂ ಹಾಕಿಕೊಂಡಾಗ ಹೊರಗಿನ ಲೈನಿಗೆ ಸಿಸ್ಕೋ ಈ ಮಾಡೆಲ್ಲಿಗೆ ಶಿಫಾರಸು ಮಾಡಿದ್ದೇ 35 ಎಂಬಿಪಿಎಸ್. ಒಳಗಿನ ಗಿಗಾಬಿಟ್ ಕಾಪಿಯನ್ನು ಅದರ ತಲೆಗೆ ಕಟ್ಟಿದವನು ನಾನು.

ನನ್ನ ಮಾಡ್ಯೂಲ್ ಲೇಯರ್ 3 ಬಲ್ಲದ್ದು. ಅಂದರೆ ತಾನೇ ರೂಟಿಂಗ್ ಮಾಡುತ್ತದೆ, ಅದೂ ಹಾರ್ಡ್‌ವೇರಿನಲ್ಲಿ. ಹಾಗಿದ್ದ ಮೇಲೆ ರೂಟರಿನ ತನಕ ಹೋಗುವುದೇಕೆ? ಮಾಡ್ಯೂಲಿನಲ್ಲಿ ಐಪಿ ರೂಟಿಂಗ್ ಆನ್ ಮಾಡಿದೆ. ಮೂರೂ ಗೇಟ್‌ವೇಗಳನ್ನು ಅಲ್ಲಿಗೆ ತಂದೆ. ರೂಟರಿಗೂ ಮಾಡ್ಯೂಲಿಗೂ ನಡುವೆ ವಿಎಲ್ಯಾನ್ 99, ಎರಡೇ ಐಪಿಯ ಚಿಕ್ಕ ನೆಟ್‌ವರ್ಕು. ಮಾಡ್ಯೂಲಿನಿಂದ ರೂಟರ್ ಕಡೆಗೆ ಡೀಫಾಲ್ಟ್ ರೂಟು, ಅಂದರೆ ಬೇರೆ ದಾರಿ ಗೊತ್ತಿಲ್ಲದ್ದೆಲ್ಲಾ ಆ ಕಡೆಗೆ. ಕಾಪಿ ಓಡಿಸಿದೆ, ರೂಟರಿನ ಸಿಪಿಯು ಅಲ್ಲಾಡಲಿಲ್ಲ. ಖುಷಿಯಾಗಿ ಕಾಫಿ ಕುಡಿಯಲು ಹೋದೆ. ಲೋಟ ಕೆಳಗಿಡುವ ಮೊದಲೇ 'ನೆಟ್ಟಿಲ್ಲ' ಅಂತ ಕೂಗು. ರೂಟರಿಗೆ ಈ ಮೂರು ನೆಟ್‌ವರ್ಕು ಈಗ ಮಾಡ್ಯೂಲಿನ ಹಿಂದೆ ಇವೆ ಅಂತ ಹೇಳಿರಲಿಲ್ಲ. ಹೋದ ಪ್ಯಾಕೆಟ್ಟಿಗೆ ವಾಪಸ್ ಬರುವ ದಾರಿ ಇಲ್ಲ. ರೂಟರಿನಲ್ಲಿ ಮೂರು ಸ್ಟ್ಯಾಟಿಕ್ ರೂಟ್ (ಕೈಯಾರೆ ಬರೆದ ದಾರಿ) ಹಾಕಿದ ಮೇಲೆ ಸರಿಯಾಯಿತು. ಐಪಿ ಹಂಚುವ ಡಿಎಚ್‌ಸಿಪಿ ರೂಟರಿನಲ್ಲೇ ಇತ್ತು, ಐಪಿ ಕೇಳುವ ಕೋರಿಕೆ ಅಲ್ಲಿಗೆ ತಲುಪಲು ಮಾಡ್ಯೂಲಿನಲ್ಲಿ ಹೆಲ್ಪರ್ ಅಡ್ರೆಸ್ ಕೊಡಬೇಕಾಯಿತು.

ಇಷ್ಟಕ್ಕೇ ಮುಗಿದಿದ್ದರೆ ಇದನ್ನೆಲ್ಲಾ ಇಷ್ಟು ಉದ್ದ ಬರೆಯುತ್ತಿರಲಿಲ್ಲ. ಸುಮಾರು ಹತ್ತು ದಿನದ ಮೇಲೆ ಹೋಂಸ್ಟೇಗೆ ಬಂದಿದ್ದ ಹುಡುಗನೊಬ್ಬ ಊಟಕ್ಕೆ ಕೂತಾಗ ಕೇಳಿದ, 'ಅಂಕಲ್, ನಿಮ್ಮ ಕಣದ ಕ್ಯಾಮೆರಾ ಲಾಗಿನ್ ಪೇಜು ನನ್ನ ಫೋನಿನಲ್ಲಿ ಬರ್ತಿದೆ, ಅದು ಬರಬೇಕಾ?' ಕೈಯಲ್ಲಿದ್ದ ಕಡುಬು ಅಲ್ಲೇ ನಿಂತಿತು. ಅತಿಥಿಗಳು ಕ್ಯಾಮೆರಾ ಕಡೆ ಹೋಗದಂತೆ ಹಾಕಿದ್ದ ಆಕ್ಸೆಸ್ ಲಿಸ್ಟು ಇದ್ದದ್ದು ರೂಟರಿನ ಸಬ್‌ಇಂಟರ್ಫೇಸಿನಲ್ಲಿ. ಈಗ 30ರಿಂದ 20ಕ್ಕೆ ಹೋಗುವವರು ರೂಟರಿನ ಮುಖವನ್ನೇ ನೋಡುವುದಿಲ್ಲ. ಮಾಡ್ಯೂಲಿನ ಹಿಂಬಾಗಿಲಿನಿಂದ ಆರಾಮಾಗಿ ದಾಟುತ್ತಾರೆ. ಗೇಟಿನಲ್ಲಿ ಕಾವಲುಗಾರನನ್ನು ನಿಲ್ಲಿಸಿ ದಾರಿಯನ್ನೇ ಬೇರೆ ಕಡೆ ತಿರುಗಿಸಿದ್ದೆ.

ಆ ರಾತ್ರಿ ಕೂತು ಬದಲಿಸಿದ್ದು ಈಗಲೂ ಹಾಗೇ ಇದೆ. ಆಫೀಸು, ಕ್ಯಾಮೆರಾ ಎರಡರ ಗೇಟ್‌ವೇ ಮಾಡ್ಯೂಲಿನಲ್ಲಿ, ಅವುಗಳ ನಡುವಿನ ಭಾರ ಅಲ್ಲೇ ಇಳಿಯಲಿ ಅಂತ. ಅತಿಥಿಗಳ ಗೇಟ್‌ವೇ ಮಾತ್ರ ವಾಪಸ್ ರೂಟರಿಗೆ, 1/0.30ಕ್ಕೆ. ಮಾಡ್ಯೂಲಿನಲ್ಲಿ 30ಕ್ಕೆ ಐಪಿಯೇ ಇಲ್ಲ. ಅತಿಥಿಯ ಪ್ಯಾಕೆಟ್ಟು ಎಲ್ಲಿಗೆ ಹೋಗಬೇಕಾದರೂ ರೂಟರಿಗೆ ಬಂದೇ ಬರಬೇಕು, ಅಲ್ಲಿ ಆಕ್ಸೆಸ್ ಲಿಸ್ಟ್ ಕಾಯುತ್ತಿರುತ್ತದೆ. ಮಾಡ್ಯೂಲಿನಲ್ಲೂ ಆಕ್ಸೆಸ್ ಲಿಸ್ಟ್ ಹಾಕಬಹುದಿತ್ತು. ಆದರೆ ಎರಡು ಕಡೆ ನಿಯಮ ಇಟ್ಟರೆ ಆರು ತಿಂಗಳ ಮೇಲೆ ನನಗೇ ನೆನಪಿರಲ್ಲ. ಎಲ್ಲವನ್ನೂ ಒಳಗೇ ರೂಟ್ ಮಾಡಬೇಕು ಅನ್ನುವ ಹಟ ಬೇಡ ಅನ್ನಿಸಿದ್ದು ಆಗಲೇ.

ಸಿಡಿಲಿನದ್ದು ಬೇರೆ ಕಥೆ. ಹೂಮಳೆಗೆ ಕಾಯುವ ಬೆಳೆಗಾರ ಅದರ ಜೊತೆ ಬರುವ ಗುಡುಗಿಗೂ ತಯಾರಿರಬೇಕು. 2023ರ ಏಪ್ರಿಲ್ ಕೊನೆಯ ಒಂದು ಸಂಜೆ ಕಣದ ಕಡೆ ಬಡಿದ ಸಿಡಿಲು ತಾಮ್ರದ ಕೇಬಲ್ ಹಿಡಿದುಕೊಂಡೇ ಬಂತು. ಒಂದು ಕ್ಯಾಮೆರಾ, ಮಾಡ್ಯೂಲಿನ ಒಂದು ಪೋರ್ಟು ಹೋದವು. ಉಳಿದ ಹದಿನೈದು ಉಳಿದದ್ದು ಅದೃಷ್ಟ. ಹೊರಗಿನ ಸ್ವಿಚ್ ಆಗಿದ್ದರೆ ಅದೊಂದನ್ನು ಎಸೆದು ಬೇರೆ ತರಬಹುದು. ಇಲ್ಲಿ ಮಾಡ್ಯೂಲಿನ ಹಿಂದೆಯೇ ರೂಟರ್ ಕೂತಿದೆ. ಎಲ್ಲಾ ಒಂದೇ ಪೆಟ್ಟಿಗೆಯಲ್ಲಿ ಇದ್ದರೆ ಅನುಕೂಲ ಜಾಸ್ತಿ, ಅಪಾಯವೂ ಒಂದೇ ಕಡೆ ಜಾಸ್ತಿ. ಈಗ ಕಣಕ್ಕೆ ಫೈಬರ್ ಎಳೆದಿದ್ದೇನೆ, ಎರಡೂ ತುದಿಗೆ ಫೈಬರನ್ನು ತಾಮ್ರದ ಕೇಬಲ್ಲಿಗೆ ಜೋಡಿಸುವ ಮೀಡಿಯಾ ಕನ್ವರ್ಟರ್. ಫೈಬರಿನಲ್ಲಿ ಕರೆಂಟು ಹೋಗಲ್ಲ, ಆದ್ದರಿಂದ ಕಣದ ಕ್ಯಾಮೆರಾಗಳಿಗೆ ಅಲ್ಲೇ ಪಿಒಇ ಇಂಜೆಕ್ಟರ್. ಅಂದರೆ ಯಾವ ಪಿಒಇಗಾಗಿ ಮೂರು ವಾರ ಜಗಳ ಆಡಿದೆನೋ, ಅದರ ಅರ್ಧ ಈಗ ಕೆಲಸವಿಲ್ಲದೆ ಕೂತಿದೆ.

ಖರ್ಚಿನ ವಿಷಯ. ಪ್ಲಗ್ಗಿನ ಮೀಟರ್ ಹಾಕಿ ನೋಡಿದರೆ ಕ್ಯಾಮೆರಾ ಬಿಟ್ಟು 80 ವ್ಯಾಟಿನ ಆಸುಪಾಸು. ತಿಂಗಳಿಗೆ 58 ಯೂನಿಟ್ ಹತ್ತಿರ. ಅಪ್ಪನಿಗೆ ಈ ಲೆಕ್ಕ ಇನ್ನೂ ಹೇಳಿಲ್ಲ. ಫ್ಯಾನು ಸದ್ದು ಮಾಡುತ್ತದೆ. ಆಫೀಸಿನ ಮೇಜಿನ ಪಕ್ಕ ಇಡುವ ಸಾಮಾನಲ್ಲ, ಸ್ಟೋರ್ ರೂಮಿಗೆ ಸಾಗಿಸಿದ್ದೇನೆ. ಪಲ್ಪಿಂಗ್ ಶುರುವಾಗುವ ಮೊದಲು ಒಮ್ಮೆ, ಕೊಯ್ಲು ಮುಗಿದ ಮೇಲೆ ಒಮ್ಮೆ ಬ್ಲೋಯರ್ ಹಿಡಿದು ಧೂಳು ಊದುತ್ತೇನೆ.

ತೆಗೆದುಕೊಳ್ಳಬಹುದಾ ಅಂತ ಕೇಳುವವರಿಗೆ: 2022ರ ಡಿಸೆಂಬರ್ 31ಕ್ಕೆ ಈ ರೂಟರಿನ ಸಪೋರ್ಟ್ ಮುಗಿದಿದೆ. ಹೊಸ ಸೆಕ್ಯುರಿಟಿ ಸರಿಪಡಿಕೆ ಬರಲ್ಲ. ಹೊರಗಿನಿಂದ ಲಾಗಿನ್ ಆಗುವ ದಾರಿಗಳನ್ನೆಲ್ಲಾ ನಾನು ಮುಚ್ಚಿದ್ದೇನೆ, ಕಾನ್ಫಿಗರೇಶನ್ ಮುಟ್ಟಬೇಕಾದರೆ ಸ್ಟೋರ್ ರೂಮಿಗೇ ಹೋಗುತ್ತೇನೆ. ಕನ್ಸೋಲ್ ಕೇಬಲ್ ಹಿಡಿದು ಕಪ್ಪು ತೆರೆಯ ಮುಂದೆ ಕೂರುವುದು ಖುಷಿ ಕೊಡುವವರಿಗೆ, ಕಲಿಯುತ್ತಿರುವವರಿಗೆ, ಇಷ್ಟು ಅಗ್ಗಕ್ಕೆ ಇಂಥ ಪೆಟ್ಟಿಗೆ ಬೇರೆ ಸಿಗುವುದು ಕಷ್ಟ. ಹೋಂಸ್ಟೇಗೆ ವೈಫೈ ಬಂದರೆ ಸಾಕು ಅನ್ನುವವರು ದಯವಿಟ್ಟು ಇದರ ತಂಟೆಗೆ ಬರಬೇಡಿ. ಬಾಳೂರಿನ ನಮ್ಮ ಭಾವ ಕೇಳಿದಾಗ ಮಾಮೂಲಿ ಚಿಕ್ಕ ರೂಟರ್, ಪಕ್ಕಕ್ಕೊಂದು ಪಿಒಇ ಸ್ವಿಚ್, ನಡುವೆ ಕಣ್ಣಿಗೆ ಕಾಣುವ ಒಂದು ಕೇಬಲ್ ಹಾಕಿಕೊಟ್ಟು ಬಂದೆ. ನನ್ನದಕ್ಕೆ ಮಾತ್ರ ಹೋದ ತಿಂಗಳು ಇನ್ನೊಂದು ಮಾಡ್ಯೂಲ್ ಸ್ಪೇರಿಗೆ ತರಿಸಿ ಇಟ್ಟುಕೊಂಡಿದ್ದೇನೆ, ಕಾನ್ಫಿಗರೇಶನ್ ತುಂಬಿಸಿ, ಸೇವ್ ಮಾಡಿ.