300 ಚಿಪ್‌ಗಳ ಪೋಕರ್ ಪೆಟ್ಟಿಗೆ: ಸಾಮಾನು ಗಟ್ಟಿ, ಪಾಠ ಜೊಳ್ಳು

ಆನ್‌ಲೈನ್ ಮಳಿಗೆಗಳಲ್ಲಿ ಮೂರು ಸಾವಿರ ರೂಪಾಯಿಯ ಆಸುಪಾಸಿಗೆ ಸಿಗುವ, ಅಲ್ಯೂಮಿನಿಯಂ ಅಂಚುಕಟ್ಟಿನ ಪೋಕರ್ ಪೆಟ್ಟಿಗೆಗಳು ಹೆಚ್ಚುಕಡಿಮೆ ಒಂದೇ ಅಚ್ಚಿನವು. ನಾನು ಕೊಂಡದ್ದರಲ್ಲಿ 300 ಚಿಪ್‌ಗಳು (ಹಣದ ಬದಲು ಪಣಕ್ಕಿಡುವ ಬಿಲ್ಲೆಗಳು), ಎರಡು ಕಟ್ಟು ಇಸ್ಪೀಟೆಲೆ, ‘ಡೀಲರ್’ ಎಂದು ಅಚ್ಚಾದ ಒಂದು ಬಿಳಿ ಬಿಲ್ಲೆ, ಐದು ದಾಳಗಳು ಮತ್ತು ನಿಯಮಗಳನ್ನು ತಿಳಿಸುವ ಒಂದು ಮಡಿಕೆ ಹಾಳೆ ಇದ್ದವು. ಹೊಸಬರು ಒಂದೇ ಸಂಜೆಯಲ್ಲಿ ಆಟ ಕಲಿಯಬಹುದೆಂಬ ಆಶ್ವಾಸನೆ ಪೆಟ್ಟಿಗೆಯ ಹೊದಿಕೆಯ ಮೇಲಿದೆ. ಚಿಪ್ ಎಷ್ಟು ಚೆನ್ನಾಗಿದೆ ಎಂಬುದಕ್ಕಿಂತ, ಪೋಕರಿನ ಗಂಧಗಾಳಿ ಇಲ್ಲದವರಿಗೆ ಈ ಪೆಟ್ಟಿಗೆ ಆಟದ ಮೂಲ ನಿಯಮಗಳನ್ನು ನಿಜಕ್ಕೂ ಕಲಿಸುತ್ತದೆಯೇ ಎಂಬುದನ್ನು ನೋಡುವುದು ಈ ವಿಮರ್ಶೆಯ ಉದ್ದೇಶ.

ಈ ಪ್ರಶ್ನೆಗೆ ಈಗ ಸ್ವಲ್ಪ ಹೆಚ್ಚಿನ ತೂಕ ಬಂದಿದೆ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು, ಅವು ಕೌಶಲದ ಆಟಗಳಾದರೂ ಸರಿಯೆ, ನಿಷೇಧಿಸುವ ಕಾಯ್ದೆಯನ್ನು ಸಂಸತ್ತು 2025ರ ಆಗಸ್ಟ್‌ನಲ್ಲಿ ಅಂಗೀಕರಿಸಿದ ಮೇಲೆ, ಅಲ್ಲಿಯವರೆಗೆ ಹೊಸಬರನ್ನು ಕೈಹಿಡಿದು ಆಡಿಸುತ್ತಿದ್ದ ದೊಡ್ಡ ಪೋಕರ್ ಆ್ಯಪ್‌ಗಳು ಹಣದ ಆಟವನ್ನು ನಿಲ್ಲಿಸಿದವು. ನಾಲ್ಕಾರು ಮಂದಿ ಮನೆಯ ಮೇಜಿನ ಸುತ್ತ ಕೂತು, ಹಣದ ಗೊಡವೆಯೇ ಇಲ್ಲದೆ, ಬರೀ ಚಿಪ್ ಇಟ್ಟುಕೊಂಡು ಕಲಿಯುವುದು ಸರಳವೂ ನಿರಾತಂಕವೂ ಆದ ದಾರಿ. ಹಾಗೆ ಕೂತವರಿಗೆ ಸರದಿ ಯಾರದು, ಪಾಟ್ (ನಡುವೆ ಸೇರಿದ ಪಣದ ರಾಶಿ) ಯಾರದು ಎಂದು ಹೇಳಿಕೊಡುವ ಆ್ಯಪ್ ಇರುವುದಿಲ್ಲವಾದ್ದರಿಂದ, ಪೆಟ್ಟಿಗೆಯೊಳಗಿನ ಹಾಳೆಯೇ ಗುರು.

ಮೊದಲು ಸಾಮಾನಿನ ಮಾತು. ಚಿಪ್ ತಲಾ 11.5 ಗ್ರಾಂ ಎಂದು ಹಾಕಿದ್ದಾರೆ. ಪ್ಲಾಸ್ಟಿಕ್ಕಿನ ಒಳಗೆ ಲೋಹದ ಬಿಲ್ಲೆಯಿರುವುದರಿಂದ ಕೈಗೆ ಭಾರವಾಗಿ ಹತ್ತುತ್ತದೆ, ಒಂದರ ಮೇಲೊಂದು ಪೇರಿಸಿದರೆ ಜಾರುವುದಿಲ್ಲ, ಅಂಚಿನ ಬಣ್ಣ ಇನ್ನೂ ಎದ್ದಿಲ್ಲ. ಚಿಪ್‌ಗಳ ತೂಕವೇ ಮೂರೂವರೆ ಕಿಲೋ ಹತ್ತಿರವಾಗುವುದರಿಂದ ಪೆಟ್ಟಿಗೆಯ ಹಿಡಿಕೆಯನ್ನು ನಂಬಿ ಬಸ್ಸು ಹತ್ತುವುದು ಬೇಡ. ಕೊರತೆಯೆಂದರೆ ಚಿಪ್‌ನ ಮೇಲೆ ಬೆಲೆ ಅಚ್ಚಾಗಿಲ್ಲ. ಬಿಳಿ 100, ಕೆಂಪು, ನೀಲಿ, ಹಸಿರು, ಕಪ್ಪು ತಲಾ 50 ಇವೆ. ಯಾವ ಬಣ್ಣಕ್ಕೆ ಎಷ್ಟು ಬೆಲೆ, ಆಟ ಶುರುವಾಗುವಾಗ ಒಬ್ಬೊಬ್ಬರಿಗೆ ಎಷ್ಟು ಕೊಡಬೇಕು ಎಂಬುದರ ಬಗ್ಗೆ ಹಾಳೆಯಲ್ಲಿ ಒಂದಕ್ಷರವೂ ಇಲ್ಲ. ಬಿಳಿಗೆ 1, ಕೆಂಪಿಗೆ 5, ನೀಲಿಗೆ 10, ಹಸಿರಿಗೆ 25 ಎಂದಿಟ್ಟುಕೊಂಡು ಪ್ರತಿಯೊಬ್ಬರಿಗೂ 15 ಬಿಳಿ, 7 ಕೆಂಪು, 5 ನೀಲಿ, 4 ಹಸಿರು ಕೊಟ್ಟರೆ ತಲಾ 200 ಆಗುತ್ತದೆ. ಆರು ಮಂದಿಗೆ ಹೀಗೆ ಹಂಚಿದ ಮೇಲೂ ಕಪ್ಪು ಅಷ್ಟೂ ಮೀಸಲಾಗಿ ಉಳಿಯುತ್ತದೆ. 1 ಮತ್ತು 2ರ ಬ್ಲೈಂಡ್ (ಎಲೆ ನೋಡುವ ಮುಂಚೆಯೇ ಇಬ್ಬರು ಕಡ್ಡಾಯವಾಗಿ ಇಡುವ ಸಣ್ಣ ಮತ್ತು ದೊಡ್ಡ ಪಣ) ಇಟ್ಟರೆ ದೊಡ್ಡ ಬ್ಲೈಂಡಿನ ನೂರು ಪಟ್ಟು ಕೈಯಲ್ಲಿರುತ್ತದೆ, ಕಲಿಯುವವರು ನಾಲ್ಕೇ ಕೈಯಲ್ಲಿ ಬರಿಗೈಯಾಗುವುದಿಲ್ಲ. ತಯಾರಕರು ಎರಡು ಸಾಲಿನಲ್ಲಿ ಬರೆಯಬಹುದಾಗಿದ್ದ ಲೆಕ್ಕ ಇದು.

ಎಲೆಗಳ ಬಗ್ಗೆ ಇಷ್ಟೊಂದು ಒಳ್ಳೆಯ ಮಾತು ಹೇಳಲಾರೆ. ಮೇಲೆ ಹೊಳಪು ಬಳಿದ ಕಾಗದದ ಎಲೆಗಳು ಕಲಸಿ ಕಲಸಿ ಬೇಗನೆ ಬಾಗಿದವು, ಕಳಾವರ್ ರಾಣಿಯ ಮೂಲೆಯಂತೂ ಮಡಿಚಿಯೇ ಹೋಯಿತು. ಹದಿಮೂರು ಎಲೆ ಹಿಡಿದು ಆಡುವ ರಮ್ಮಿಯಲ್ಲಿ ಗುರುತು ಬಿದ್ದ ಒಂದು ಎಲೆಯನ್ನು ಸಹಿಸಿಕೊಳ್ಳಬಹುದು. ಕೈಯಲ್ಲಿ ಮುಚ್ಚಿಟ್ಟುಕೊಳ್ಳುವುದು ಎರಡೇ ಎಲೆಯಾಗಿರುವ ಆಟದಲ್ಲಿ, ಅವುಗಳ ಪೈಕಿ ಒಂದು ಎದುರಿನವರಿಗೆ ತಿಳಿದರೆ ಆಟವೇ ಕೆಟ್ಟಂತೆ. ಒದ್ದೆ ಬಟ್ಟೆಯಲ್ಲಿ ಒರೆಸಬಹುದಾದ ಪೂರ್ತಿ ಪ್ಲಾಸ್ಟಿಕ್ಕಿನ ಒಂದು ಕಟ್ಟನ್ನು ಬೇರೆಯಾಗಿಯೇ ಕೊಳ್ಳುವುದು ಮೇಲು.

ಇನ್ನು ಹಾಳೆ. ಅದು ಇಂಗ್ಲಿಷಿನಲ್ಲಿದೆ, ಅಕ್ಷರ ಇರುವೆ ಸಾಲಿನಷ್ಟು ಸಣ್ಣದು, ಮತ್ತು ಅರ್ಧ ಜಾಗವನ್ನು ಐದೆಲೆ ಡ್ರಾ ಎಂಬ ಹಳೆಯ ಬಗೆಗೆ ಬಿಟ್ಟುಕೊಟ್ಟಿದೆ. ಇಂದು ಪೋಕರ್ ಕಲಿಯಬೇಕೆನ್ನುವವರು ಕೇಳುವುದು ಟೆಕ್ಸಾಸ್ ಹೋಲ್ಡೆಮ್ ಅನ್ನು. ರಾಬ್ಸ್‌ಟೌನ್ ಎಂಬ ಊರು ಅದರ ಹುಟ್ಟೂರೆಂದು ಟೆಕ್ಸಾಸ್ ಶಾಸನಸಭೆ 2007ರಲ್ಲಿ ಮನ್ನಿಸಿದೆ. ಟೆನೆಸಿಯ ಲೆಕ್ಕಿಗ ಕ್ರಿಸ್ ಮನಿಮೇಕರ್ ಆನ್‌ಲೈನ್ ಅರ್ಹತಾ ಪಂದ್ಯದಿಂದ ಒಳಹೊಕ್ಕು 2003ರಲ್ಲಿ ಲಾಸ್ ವೇಗಸ್‌ನ ಪೋಕರ್ ವಿಶ್ವ ಸರಣಿಯ ಮುಖ್ಯ ಪಂದ್ಯವನ್ನೇ ಗೆದ್ದು 25 ಲಕ್ಷ ಡಾಲರ್ ಪಡೆದ ಮೇಲೆ ಜಗತ್ತಿನಾದ್ಯಂತ ಹಬ್ಬಿದ್ದೂ ಇದೇ ಆಟ. ಅದಕ್ಕೆ ಅರ್ಧ ಪುಟ ಕೊಟ್ಟು ಕೈತೊಳೆದುಕೊಂಡಿರುವುದು ಅನ್ಯಾಯ.

ಹೋಲ್ಡೆಮ್‌ನ ಎಲುಬುಗೂಡನ್ನು ಮಾತ್ರ ಹಾಳೆ ತಪ್ಪಿಲ್ಲದೆ ಹೇಳುತ್ತದೆ. ಪ್ರತಿಯೊಬ್ಬರಿಗೂ ಎರಡೆರಡು ಎಲೆ ಮುಚ್ಚಿ ಹಂಚಿ ಒಂದು ಸುತ್ತು ಪಣ. ನಡುವೆ ಮೂರು ಎಲೆ ತೆರೆದಿಟ್ಟು ಮತ್ತೊಂದು ಸುತ್ತು, ಅದು ಫ್ಲಾಪ್. ನಾಲ್ಕನೆಯ ಎಲೆಗೆ ಇನ್ನೊಂದು, ಅದು ಟರ್ನ್. ಐದನೆಯದಕ್ಕೆ ಕೊನೆಯದು, ಅದು ರಿವರ್. ಉಳಿದವರು ತಮ್ಮ ಎರಡು ಮತ್ತು ನಡುವಿನ ಐದು, ಒಟ್ಟು ಏಳರಲ್ಲಿ ಅತ್ಯುತ್ತಮ ಐದನ್ನು ತೋರಿಸುವುದು. ಸರದಿ ಎಡಕ್ಕೆ ಸಾಗುತ್ತದೆ ಎಂಬುದನ್ನೂ ಬರೆದಿದ್ದಾರೆ. ಇಪ್ಪತ್ತೆಂಟು ಆಡುತ್ತ ಬಲಕ್ಕೆ ಹಂಚಿ ರೂಢಿಯಾದ ಕೈಗಳಿಗೆ ಇದನ್ನು ಎರಡು ಮೂರು ಸಲ ನೆನಪಿಸಬೇಕಾಗುತ್ತದೆ.

ಕೈಗಳ ದರ್ಜೆಯ ಪಟ್ಟಿಯೂ ಸರಿಯಾಗಿದೆ, ಆದರೆ ಕಾರಣವಿಲ್ಲದ ಪಟ್ಟಿ. ನಮ್ಮಲ್ಲಿ ಪೋಕರಿಗೆ ಬರುವ ಬಹಳಷ್ಟು ಮಂದಿ ಮೂರೆಲೆಯ ತೀನ್ ಪತ್ತಿಯ ದಾರಿಯಲ್ಲಿ ಬರುತ್ತಾರೆ, ಅಲ್ಲಿ ಸೀಕ್ವೆನ್ಸ್ (ಸಾಲಾದ ಎಲೆಗಳು) ಮೇಲು, ಕಲರ್ (ಒಂದೇ ಜಾತಿಯ ಎಲೆಗಳು) ಕೆಳಗೆ. ಪೋಕರಿನಲ್ಲಿ ಒಂದೇ ಜಾತಿಯ ಐದು ಎಲೆಯ ಫ್ಲಶ್ ಮೇಲು, ಸಾಲಾದ ಐದು ಎಲೆಯ ಸ್ಟ್ರೇಟ್ ಕೆಳಗೆ. ಇದು ಯಾರದೋ ಇಷ್ಟಕ್ಕೆ ಮಾಡಿದ ಅದಲುಬದಲಲ್ಲ, ಶುದ್ಧ ಗಣಿತ. 52 ಎಲೆಗಳಿಂದ ಮೂರನ್ನು 22,100 ಬಗೆಯಲ್ಲಿ ಆರಿಸಬಹುದು. ಅದರಲ್ಲಿ ಸಾದಾ ಸೀಕ್ವೆನ್ಸ್ 720, ಕಲರ್ 1,096. ಐದನ್ನು ಆರಿಸಿದರೆ ಒಟ್ಟು 25,98,960 ಬಗೆ. ಅದರಲ್ಲಿ ಸ್ಟ್ರೇಟ್ 10,200, ಫ್ಲಶ್ ಬರೀ 5,108. ಅಪರೂಪದ್ದು ಮೇಲು ಎಂಬ ಒಂದೇ ಸೂತ್ರ ಎರಡೂ ಆಟಗಳನ್ನು ಬಹುಮಟ್ಟಿಗೆ ಆಳುತ್ತದೆ, ಎಲೆಯ ಸಂಖ್ಯೆ ಬದಲಾದಾಗ ಅಪರೂಪದ್ದೂ ಬದಲಾಗುತ್ತದೆ. ಮೂರು ಒಂದೇ ಎಲೆ ಬಂದರೆ ತೀನ್ ಪತ್ತಿಯಲ್ಲಿ ಅದಕ್ಕೆ ಎದುರಿಲ್ಲ. ಪೋಕರಿನಲ್ಲಿ ಅದು ಸ್ಟ್ರೇಟಿಗೂ ಸೋಲುತ್ತದೆ, ಏಕೆಂದರೆ ಐದೆಲೆಯಲ್ಲಿ ಅದು 54,912 ಬಗೆಯಲ್ಲಿ ಬರಬಲ್ಲದು. ಎಕ್ಕದ ವಿಷಯದಲ್ಲೂ ಹೀಗೆಯೇ. ಎಕ್ಕ-ಎರಡು-ಮೂರನ್ನು ತೀನ್ ಪತ್ತಿಯವರು ಬಹುತೇಕ ಕಡೆ ಎರಡನೆಯ ದೊಡ್ಡ ಸೀಕ್ವೆನ್ಸಾಗಿ ಮನ್ನಿಸುತ್ತಾರೆ, ಹೋಲ್ಡೆಮ್‌ನಲ್ಲಿ ಎಕ್ಕದಿಂದ ಐದರವರೆಗಿನ ಸಾಲು ಎಲ್ಲಕ್ಕಿಂತ ಚಿಕ್ಕ ಸ್ಟ್ರೇಟ್, ಮತ್ತು ರಾಣಿ-ರಾಜ-ಎಕ್ಕ-ಎರಡು-ಮೂರು ಎಂದು ಸುತ್ತಿ ಬರುವ ಸಾಲಿಗೆ ಬೆಲೆಯೇ ಇಲ್ಲ. ಭಾರತದ ಮಾರುಕಟ್ಟೆಗೆಂದೇ ಅಚ್ಚು ಹಾಕಿಸಿದ ಹಾಳೆಯಲ್ಲಿ ಇಷ್ಟನ್ನು ಹೇಳದಿರುವುದು ಸೋಮಾರಿತನವಲ್ಲದೆ ಬೇರೇನಲ್ಲ.

ಹಾಳೆ ನೇರವಾಗಿ ದಾರಿ ತಪ್ಪಿಸುವ ಜಾಗ ಇನ್ನೊಂದಿದೆ. ಇಬ್ಬರಿಗೂ ಒಂದೇ ಜೋಡಿ ಬಂದರೆ ಪಾಟನ್ನು ಸಮವಾಗಿ ಹಂಚಿಕೊಳ್ಳಬೇಕು ಎಂದು ಅದು ಹೇಳುತ್ತದೆ. ಮೇಜಿನ ನಡುವೆ ಡೈಮಂಡ್ ರಾಜ, ಇಸ್ಪೀಟ್ ಏಳು, ಕಳಾವರ್ ನಾಲ್ಕು, ಆಟೀನ್ ಎರಡು, ಇಸ್ಪೀಟ್ ಗುಲಾಮ ಬಿದ್ದಿವೆ ಎನ್ನೋಣ. ಒಬ್ಬರ ಕೈಯಲ್ಲಿ ಇಸ್ಪೀಟ್ ರಾಜ ಮತ್ತು ಡೈಮಂಡ್ ರಾಣಿ, ಇನ್ನೊಬ್ಬರ ಕೈಯಲ್ಲಿ ಆಟೀನ್ ರಾಜ ಮತ್ತು ಕಳಾವರ್ ಒಂಬತ್ತು. ಇಬ್ಬರದೂ ರಾಜನ ಜೋಡಿ. ಆದರೆ ಲೆಕ್ಕಕ್ಕೆ ಬರುವುದು ಐದು ಎಲೆ: ಮೊದಲಿನವರದು ರಾಜ, ರಾಜ, ರಾಣಿ, ಗುಲಾಮ, ಏಳು; ಎರಡನೆಯವರದು ರಾಜ, ರಾಜ, ಗುಲಾಮ, ಒಂಬತ್ತು, ಏಳು. ಮೂರನೆಯ ಎಲೆಯಲ್ಲಿ ರಾಣಿ ಗುಲಾಮನನ್ನು ಮೀರುತ್ತಾಳೆ, ಪಾಟ್ ಪೂರ್ತಿಯಾಗಿ ಮೊದಲಿನವರದು. ಆ ರಾಣಿಗೆ ಕಿಕರ್ ಎನ್ನುತ್ತಾರೆ. ಹೋಲ್ಡೆಮ್‌ನಲ್ಲಿ ಅತಿ ಹೆಚ್ಚು ಜಗಳ ಹುಟ್ಟುವುದು ಇಲ್ಲಿಯೇ, ಮತ್ತು ಎಕ್ಕದೊಡನೆ ಸಣ್ಣ ಎಲೆ ಬಂದಾಗ ಅನುಭವಿಗಳು ಹಿಂಜರಿಯುವುದೂ ಇದೇ ಕಾರಣಕ್ಕೆ. ಐದೂ ಎಲೆ ಸರಿಸಮವಾದಾಗ ಮಾತ್ರ ಪಾಟ್ ಹಂಚಿಕೆಯಾಗುತ್ತದೆ. ಇಸ್ಪೀಟ್ ದೊಡ್ಡದು, ಕಳಾವರ್ ಚಿಕ್ಕದು ಎಂಬ ತಾರತಮ್ಯಕ್ಕೆ ಅಲ್ಲಿ ಎಡೆಯಿಲ್ಲ.

ಪಣದ ನಿಯಮಗಳಲ್ಲಿ ಹಾಳೆ ಇನ್ನೂ ಬಡವಾಗಿದೆ. ಚೆಕ್ (ಪಣವಿಡದೆ ಸರದಿ ದಾಟಿಸುವುದು), ಕಾಲ್ (ಎದುರಿನವರ ಪಣವನ್ನು ಸರಿಗಟ್ಟುವುದು), ರೈಸ್ (ಪಣ ಏರಿಸುವುದು), ಫೋಲ್ಡ್ (ಎಲೆ ಬಿಡುವುದು) ಎಂಬ ನಾಲ್ಕನ್ನು ಒಂದೊಂದು ಸಾಲಿನಲ್ಲಿ ವಿವರಿಸಿ ಮುಗಿಸಿದೆ. ರೈಸ್ ಎಷ್ಟಾದರೂ ಮಾಡಬಹುದೇ? ಹಿಂದಿನವರು ಏರಿಸಿದಷ್ಟನ್ನಾದರೂ ಏರಿಸಲೇಬೇಕು ಎಂಬುದು ನಿಯಮ: ಒಬ್ಬರು 10 ಇಟ್ಟು, ಎರಡನೆಯವರು 30ಕ್ಕೆ ಏರಿಸಿದರೆ, ಮೂರನೆಯವರು ಏರಿಸುವುದಿದ್ದರೆ ಕನಿಷ್ಠ 50ಕ್ಕೆ ಹೋಗಬೇಕು. ಕೈಯಲ್ಲಿರುವ ಚಿಪ್ ಸಾಲದಿದ್ದರೆ? ಇದ್ದಷ್ಟನ್ನೂ ಇಟ್ಟು ಆಲ್-ಇನ್ ಆಗಬಹುದು, ಆದರೆ ಗೆಲ್ಲುವುದು ತಾವಿಟ್ಟ ಮಟ್ಟದವರೆಗೆ ಮಾತ್ರ. ಮೂವರು ಕ್ರಮವಾಗಿ 50, 120, 200 ಇಟ್ಟರೆಂದರೆ ಮುಖ್ಯ ಪಾಟ್ 150, ಅದಕ್ಕೆ ಮೂವರೂ ಹಕ್ಕುದಾರರು. ಸೈಡ್ ಪಾಟ್ 140, ಅದು ಎರಡನೆಯ ಮತ್ತು ಮೂರನೆಯವರ ನಡುವಿನದು. ಸರಿಗಟ್ಟುವವರಿಲ್ಲದ 80 ಮೂರನೆಯವರಿಗೆ ಹಿಂದಿರುಗುತ್ತದೆ. ಈ ಲೆಕ್ಕ ಗೊತ್ತಿಲ್ಲದೆ ಹೋಲ್ಡೆಮ್ ಆಡುವ ಮನೆಗಳಲ್ಲಿ ಚಿಪ್ ಕಡಿಮೆಯಿದ್ದವರನ್ನು ಬಲವಂತವಾಗಿ ಎಲೆ ಬಿಡಿಸುವುದನ್ನು ಕಂಡಿದ್ದೇನೆ. ಆಟದ ನಿಯಮ ಅದಕ್ಕೆ ಒಪ್ಪುವುದಿಲ್ಲ.

ಇಬ್ಬರೇ ಆಡುವಾಗಿನ ನಿಯಮ ಇನ್ನೊಂದು ಲೋಪ. ಡೀಲರ್ ಬಿಲ್ಲೆಯ ಎಡಗಡೆಯವರು ಸಣ್ಣ ಬ್ಲೈಂಡ್ ಇಡಬೇಕೆಂದು ಹಾಳೆ ಹೇಳಿ ಸುಮ್ಮನಾಗುತ್ತದೆ. ಇಬ್ಬರೇ ಇದ್ದಾಗ ಬಿಲ್ಲೆ ಇರುವವರೇ ಸಣ್ಣ ಬ್ಲೈಂಡ್ ಇಡುತ್ತಾರೆ, ಫ್ಲಾಪಿಗೆ ಮುಂಚೆ ಮೊದಲು ಆಡುತ್ತಾರೆ, ಆಮೇಲಿನ ಸುತ್ತುಗಳಲ್ಲಿ ಕೊನೆಗೆ ಆಡುತ್ತಾರೆ. ಪೆಟ್ಟಿಗೆ ಬಂದ ದಿನ ಗಂಡಹೆಂಡಿರೋ ಅಣ್ಣತಂಗಿಯರೋ ಇಬ್ಬರೇ ಕೂತು ಶುರು ಮಾಡುವುದು ಸಹಜವಾದ್ದರಿಂದ ಇದು ಅಂಚಿನ ವಿಷಯವೇನೂ ಅಲ್ಲ. ಬಿಲ್ಲೆ ಏಕೆ ಬೇಕು ಎಂಬುದೂ ಇಲ್ಲಿಯೇ ಅರ್ಥವಾಗುತ್ತದೆ: ಕೊನೆಗೆ ಆಡುವವರು ಉಳಿದವರೆಲ್ಲ ಮಾಡಿದ್ದನ್ನು ನೋಡಿ ನಿರ್ಧರಿಸುತ್ತಾರೆ, ಆ ಅನುಕೂಲ ಪ್ರತಿ ಕೈಗೂ ಒಬ್ಬರಿಂದೊಬ್ಬರಿಗೆ ದಾಟಲೆಂದೇ ಬಿಲ್ಲೆ ಸುತ್ತುತ್ತದೆ.

ಐದು ದಾಳಗಳಿಗೆ ಹೋಲ್ಡೆಮ್‌ನಲ್ಲಿ ಕೆಲಸವಿಲ್ಲ. ಮನೆಯಲ್ಲಿ ಹಾವು-ಏಣಿ ಆಡುವ ಮಕ್ಕಳಿದ್ದರೆ ಅವರಿಗೆ ಕೊಡಬಹುದು.

ಅಂಕ ಕೊಡಲೇಬೇಕೆಂದರೆ ಚಿಪ್‌ಗೆ ಐದರಲ್ಲಿ ನಾಲ್ಕು, ಎಲೆಗೆ ಎರಡು, ಹಾಳೆಗೆ ಒಂದು. ಆಟ ಬಲ್ಲ ಒಬ್ಬರಾದರೂ ಮೇಜಿನಲ್ಲಿದ್ದರೆ ಕೊಟ್ಟ ದುಡ್ಡಿಗೆ ಮೋಸವಿಲ್ಲ. ಹಾಗೆ ಯಾರೂ ಇಲ್ಲದಿದ್ದರೆ ಹಾಳೆಯನ್ನು ಪಕ್ಕಕ್ಕಿಟ್ಟು, ಮೊದಲ ಕೆಲವು ಕೈಗಳನ್ನು ಎಲ್ಲರೂ ಎಲೆ ತೆರೆದಿಟ್ಟುಕೊಂಡೇ ಆಡಿ, ಪ್ರತಿ ಸುತ್ತಿನಲ್ಲೂ ಯಾರ ಐದು ಎಲೆ ಯಾವುವೆಂದು ಬಾಯಿಬಿಟ್ಟು ಹೇಳುತ್ತ ಹೋಗಬೇಕು. ಕೊಳ್ಳುವ ಮುನ್ನ ಆಡುವವರ ತಲೆ ಎಣಿಸಿಕೊಳ್ಳಿ: ಮೂರು ನಾಲ್ಕು ಮಂದಿಗೆ 200 ಚಿಪ್‌ನ ಪೆಟ್ಟಿಗೆ ಧಾರಾಳವಾಗಿ ಸಾಕು, ಆರರವರೆಗೆ 300, ಎಂಟು ಮಂದಿ ಕೂರುವ ಮೇಜಾದರೆ 500ರದ್ದೇ ಬೇಕಾಗುತ್ತದೆ, ಮತ್ತು ಯಾವುದನ್ನೇ ಕೊಂಡರೂ ಬೆಲೆ ಅಚ್ಚಾದ ಚಿಪ್‌ಗಳಿರುವ ಪೆಟ್ಟಿಗೆ ಸಿಕ್ಕರೆ ಅದನ್ನೇ ಆರಿಸಿ.