ಜೋನಿ ಬೆಲ್ಲಕ್ಕೆ ಯಾವ ಡಬ್ಬ: ಪೆಟ್, ಎಚ್‌ಡಿಪಿಇ, ಪಿಪಿ

ಮಂಡ್ಯ ಕಡೆಯ ಆಲೆಮನೆಗೆ ಜೋನಿ ಬೆಲ್ಲ (ಗಟ್ಟಿಯಾಗದ ನೀರು ಬೆಲ್ಲ) ತರಲು ಹೋಗುವವರು ಡಬ್ಬ ದಪ್ಪಗಿದೆಯಾ ಅಂತ ನೋಡುತ್ತಾರೆ. ನನ್ನ ಮಟ್ಟಿಗೆ ನೋಡಬೇಕಾದದ್ದು ತಳದ ತ್ರಿಕೋನದೊಳಗಿನ ಅಂಕಿ. ಪ್ಲಾಸ್ಟಿಕ್ ಅಂದರೆ ಸರಪಳಿಯಂಥ ಉದ್ದುದ್ದ ಅಣುಗಳು. ಯಾವ ಬಗೆಯ ಸರಪಳಿ ಅನ್ನುವುದು ಆ ಅಂಕಿಯಿಂದ ಗೊತ್ತಾಗುತ್ತದೆ. 1, 2, 5 ಮೂರರಲ್ಲೂ ಬಿಸಿ ಬೆಲ್ಲ ಸುರಿದು ನೋಡಿದೆ.

1 ಅಂದರೆ ಪೆಟ್, ನೀರಿನ ಬಾಟ್ಲಿ. ಬೆಲ್ಲ ಬಿದ್ದ ಕೂಡಲೇ ನಡು ಸುಕ್ಕುಗಟ್ಟಿ ಒಳಕ್ಕೆ ಸೇದಿಕೊಂಡಿತು, ಎತ್ತರವೂ ಕಮ್ಮಿಯಾಯಿತು. ತಿರುಪಿನ ಕತ್ತು ಮಾತ್ರ ಕುಗ್ಗಲಿಲ್ಲ. ಪೆಟ್ ಕರಗುವುದು ಸುಮಾರು 250 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಬೆಲ್ಲ ಅದರ ಅರ್ಧದಷ್ಟೂ ಬಿಸಿ ಇರಲಿಲ್ಲ. ಹಾಗಾದರೆ ಮುದುಡಿದ್ದು ಯಾಕೆ? ಬಾಟ್ಲಿ ಮಾಡುವಾಗ ಸಣ್ಣ ಕೊಳವೆಯೊಂದನ್ನು ಕಾಯಿಸಿ, ಗಾಳಿ ಊದಿ ಹಿಗ್ಗಿಸಿ, ತಟ್ಟನೆ ತಣಿಸುತ್ತಾರೆ. ಎಳೆಸಿಕೊಂಡ ಸರಪಳಿಗಳು ಹಾಗೇ ಬಿಗಿದು ನಿಲ್ಲುತ್ತವೆ. 70–80 ಡಿಗ್ರಿ ದಾಟಿದರೆ ಸಡಿಲವಾಗಿ, ಎಳೆದು ಬಿಟ್ಟ ರಬ್ಬರ್ ಬ್ಯಾಂಡಿನ ಹಾಗೆ ಹಿಂದಕ್ಕೆ ಬರುತ್ತವೆ. ಕತ್ತನ್ನು ಯಾರೂ ಊದಿ ಹಿಗ್ಗಿಸಿರುವುದಿಲ್ಲ, ಅಲ್ವಾ? ಅದಕ್ಕೇ ಅದು ಕುಗ್ಗಲಿಲ್ಲ. ಪೂರ್ತಿ ಆರಿದ ಬೆಲ್ಲಕ್ಕಾದರೆ ಪೆಟ್ ಚೆನ್ನಾಗಿದೆ. ಒಳಗಿನ ಬಣ್ಣ ಕಾಣುತ್ತದೆ, ಹೊರಗಿನ ಗಾಳಿ ಉಳಿದೆರಡಕ್ಕಿಂತ ಕಮ್ಮಿ ನುಸುಳುತ್ತದೆ.

2 ಎಚ್‌ಡಿಪಿಇ, ಅಂದರೆ ಹೆಚ್ಚು ಸಾಂದ್ರತೆಯ ಪಾಲಿಥಿನ್, ಬಿಳಿ ಕ್ಯಾನು. ಬಿಸಿಗೆ ಹೊಟ್ಟೆ ಉಬ್ಬಿತು, ಒತ್ತಿದರೆ ಮೆತ್ತಗಿತ್ತು, ಆರಿದ ಮೇಲೆ ಸರಿಹೋಯಿತು. ಇದರ ಸರಪಳಿಗೆ ಕವಲು ತೀರಾ ಕಮ್ಮಿ. ಒತ್ತೊತ್ತಾಗಿ ಜೋಡಿಕೊಳ್ಳುವುದರಿಂದ ಸುಮಾರು 130 ಡಿಗ್ರಿವರೆಗೂ ಕರಗುವುದಿಲ್ಲ. ಹಾಲಿನ ಪ್ಯಾಕೆಟ್ಟೂ ಪಾಲಿಥಿನ್ನೇ, ಆದರೆ ಅದಕ್ಕೆ ಕವಲು ಜಾಸ್ತಿ, ಅದಕ್ಕೇ ಅಷ್ಟು ಮೃದು. ಒಂದು ಮಾತು: ಬೆಳೆಗೆ ಹೊಡೆಯುವ ಔಷಧಿ ತುಂಬಿದ್ದ ಹಳೇ ಕ್ಯಾನನ್ನು ಎಷ್ಟು ತೊಳೆದರೂ ಬೆಲ್ಲಕ್ಕೆ ಬಳಸಬೇಡಿ, ಈ ಪ್ಲಾಸ್ಟಿಕ್ ಅಂಥದ್ದನ್ನು ಒಳಕ್ಕೆ ಹೀರಿಕೊಂಡಿರುತ್ತದೆ.

5 ಪಿಪಿ, ಅಂದರೆ ಪಾಲಿಪ್ರೊಪಿಲೀನ್. ಬಿಸಿಗೆ ಜಗ್ಗಲಿಲ್ಲ, ಮುಚ್ಚಳವೂ ಸರಿಯಾಗಿ ಕೂತಿತು. ಸರಪಳಿಯ ಉದ್ದಕ್ಕೂ ಮೀಥೈಲ್ ಗುಂಪುಗಳು (ಒಂದು ಇಂಗಾಲ, ಮೂರು ಹೈಡ್ರೋಜನ್ ಸೇರಿದ ಪುಟ್ಟ ಕವಲುಗಳು) ಒಂದೇ ಕ್ರಮದಲ್ಲಿ ನಿಂತಿರುವುದರಿಂದ ಅದು ಸುರುಳಿಯಾಗಿ ಅಚ್ಚುಕಟ್ಟಾಗಿ ಜೋಡಿಕೊಳ್ಳುತ್ತದೆ. ಕರಗಲು ಸುಮಾರು 160 ಡಿಗ್ರಿ ಬೇಕು. ಬಿಸಿಯದಕ್ಕೆ ನನ್ನ ಆಯ್ಕೆ ಇದೇ.

ಫ್ರೀಜರಿನಲ್ಲಿ ಲೆಕ್ಕ ತಿರುಗಿತು. ಪಿಪಿ, ಎಚ್‌ಡಿಪಿಇ ಎರಡರಲ್ಲೂ ಕಬ್ಬಿನ ಹಾಲು ತುಂಬಿ ಗಟ್ಟಿಯಾಗಿಸಿ ನೆಲಕ್ಕೆ ಬಿಟ್ಟೆ. ಪಿಪಿ ಡಬ್ಬದ ಮೂಲೆ ಸೀಳಿತು, ಎಚ್‌ಡಿಪಿಇಗೆ ಏನೂ ಆಗಲಿಲ್ಲ. ಸೊನ್ನೆ ಡಿಗ್ರಿಯ ಆಸುಪಾಸಿನಲ್ಲೇ ಪಿಪಿ ಸರಪಳಿಗಳು ಬಿಗಿಯಾಗಿ ಬಾಗುವ ಗುಣ ಕಳೆದುಕೊಳ್ಳುತ್ತವೆ. ಎಚ್‌ಡಿಪಿಇ ಅಷ್ಟು ಬಿಗಿಯಾಗಬೇಕಾದರೆ ಮನೆಯ ಫ್ರೀಜರಿನ ಚಳಿ ಏನೇನೂ ಸಾಲದು. ಎಥಿಲೀನ್ (ಪಾಲಿಥಿನ್ ಮಾಡುವ ಮೂಲವಸ್ತು) ಬೆರೆಸಿ ಮಾಡಿದ ಪಿಪಿಯೂ ಇದೆ, ಅದು ಚಳಿಗೆ ಇಷ್ಟು ಸುಲಭವಾಗಿ ಒಡೆಯುವುದಿಲ್ಲ. ಆದರೆ ಎರಡೂ ಬಗೆಯ ಪಿಪಿ ಮೇಲೂ ಇರುವುದು ಅದೇ 5.